ಶೋರೂಮಿಗೆ ಹೋಗದೆ ಕಾರಿನ ಚೌಕಾಸಿ: ಬರಹದಲ್ಲಿ ಬಂದ ಬೆಲೆಯೇ ಬೆಲೆ

ಪ್ರಶ್ನೆ: ನಾನು ತುಮಕೂರಿನಲ್ಲಿ ಕಾಲೇಜು ಉಪನ್ಯಾಸಕಿ. ಮೊದಲ ಬಾರಿಗೆ ಕಾರು ಕೊಳ್ಳಲು ಹೊರಟಿದ್ದೇನೆ. ಹತ್ತು ಲಕ್ಷದ ಆಸುಪಾಸಿನ ಸಣ್ಣ ಪೆಟ್ರೋಲ್ ಎಸ್‌ಯುವಿ ಒಂದನ್ನು ಆಯ್ದುಕೊಂಡು, ಅದೇ ಕಂಪನಿಯ ಮೂವರು ಡೀಲರ್‌ಗಳಿಗೆ ವಾಟ್ಸಾಪ್‌ನಲ್ಲಿ ಬೆಲೆ ಕೇಳಿದೆ. ತುಮಕೂರಿನ ಡೀಲರ್ ವಿವರವಿಲ್ಲದೆ ಒಟ್ಟು ಮೊತ್ತವನ್ನಷ್ಟೇ ಕಳುಹಿಸಿದರು. ಬೆಂಗಳೂರಿನ ಒಬ್ಬರು "ಮೇಡಂ, ಶೋರೂಮಿಗೆ ಬನ್ನಿ, ಮಾತಾಡೋಣ" ಎಂದರು. ಇನ್ನೊಬ್ಬರು ಎಲ್ಲಕ್ಕಿಂತ ಕಡಿಮೆ ಬೆಲೆ ಹೇಳಿ, ಅದು ಇವತ್ತು ಮಾತ್ರ ಎಂದರು. ಎದುರು ಕೂತು ಚೌಕಾಸಿ ಮಾಡುವುದು ನನಗೆ ಒಗ್ಗುವುದಿಲ್ಲ. ಇಡೀ ವ್ಯವಹಾರವನ್ನು ಆನ್‌ಲೈನ್‌ನಲ್ಲೇ ಮುಗಿಸಲು ಸಾಧ್ಯವೇ?

ಉತ್ತರ: ಸಾಧ್ಯ. ಚೌಕಾಸಿ ಒಗ್ಗದವರಿಗೆ ಇದು ಶೋರೂಮಿನ ಮೇಜಿಗಿಂತ ಉತ್ತಮವಾದ ದಾರಿಯೂ ಹೌದು. ಬ್ಯಾಂಕೊಂದರ ವಾಹನ ಸಾಲ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಒಂದೇ ವಾರದಲ್ಲಿ, ಒಂದೇ ಡೀಲರ್‌ನಿಂದ, ಒಂದೇ ವೇರಿಯಂಟ್ ಕಾರಿಗೆ ಇಬ್ಬರು ಗ್ರಾಹಕರು ತಂದ ಕೊಟೇಶನ್‌ಗಳಲ್ಲಿ ಹತ್ತಾರು ಸಾವಿರ ರೂಪಾಯಿಗಳ ಅಂತರವಿದ್ದುದನ್ನು ಹಲವು ಬಾರಿ ಕಂಡಿದ್ದೇನೆ. ಕಡಿಮೆ ಬೆಲೆ ಪಡೆದವರೆಲ್ಲ ಮಾತಿನಲ್ಲಿ ಚತುರರಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಪ್ರತಿಯೊಂದು ಬಾಬತ್ತನ್ನೂ ಬೇರೆ ಬೇರೆಯಾಗಿ ಬರೆಸಿಕೊಂಡು ಬಂದವರಾಗಿದ್ದರು. ಹಾಗಾಗಿ ರಿಯಾಯಿತಿ ಎಷ್ಟು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಎಲ್ಲ ಡೀಲರ್‌ಗಳಿಂದಲೂ ಒಂದೇ ಮಾದರಿಯ ಬಾಬತ್ತುವಾರು ಆನ್-ರೋಡ್ ಬೆಲೆಯನ್ನು (ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿದ ಒಟ್ಟು ಬೆಲೆ) ಬರಹದಲ್ಲಿ ತರಿಸಿಕೊಳ್ಳುವುದೇ ನಿಮ್ಮ ಮೊದಲ ಕೆಲಸ.

ಕೊಟೇಶನ್ ಕೈಗೆ ಬಂದ ಮೇಲೆ ಅದರ ಸಾಲುಗಳನ್ನು ಎರಡು ಗುಂಪು ಮಾಡಿಕೊಳ್ಳಬೇಕು. ಡೀಲರ್‌ಗೆ ಯಾವ ಅಧಿಕಾರವೂ ಇಲ್ಲದ ಸಾಲುಗಳು ಒಂದು ಗುಂಪು. ಡೀಲರ್ ತಾನೇ ಬರೆದ ಸಾಲುಗಳು ಇನ್ನೊಂದು. ಎಕ್ಸ್-ಶೋರೂಮ್ ಬೆಲೆಯನ್ನು (ರಾಜ್ಯದ ತೆರಿಗೆ, ನೋಂದಣಿ, ವಿಮೆ ಸೇರುವ ಮೊದಲಿನ ಬೆಲೆ) ಕಂಪನಿ ನಿಗದಿ ಮಾಡುತ್ತದೆ, ಅದರೊಳಗಿನ ಜಿಎಸ್‌ಟಿ ದೇಶದಾದ್ಯಂತ ಒಂದೇ ಆಗಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳಿಗೆ ಶೇ 18 ಮತ್ತು ಅದಕ್ಕಿಂತ ದೊಡ್ಡ ಕಾರುಗಳಿಗೆ ಶೇ 40 ಜಿಎಸ್‌ಟಿ ಇದೆ. ನೀವು ಆಯ್ದುಕೊಂಡ ಮಾದರಿಯಲ್ಲಿ ಎರಡು ಬಗೆಯ ಎಂಜಿನ್‌ಗಳಿದ್ದರೆ ಅವುಗಳ ಬೆಲೆಯ ನಡುವಿನ ದೊಡ್ಡ ಅಂತರಕ್ಕೆ ಇದೂ ಒಂದು ಕಾರಣವಾಗಿರಬಹುದು.

ಡೀಲರ್‌ಗೆ ಅಧಿಕಾರವಿಲ್ಲದ ಎರಡನೆಯ ಸಾಲು ಕರ್ನಾಟಕದ ಜೀವಿತಾವಧಿ ತೆರಿಗೆ. ನಿಮ್ಮ ಬಜೆಟ್ ಹತ್ತು ಲಕ್ಷದ ಆಸುಪಾಸಿನಲ್ಲಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಇಡೀ ಚೌಕಾಸಿಯಲ್ಲಿ ಉಳಿಯುವ ಹಣಕ್ಕಿಂತ ಹೆಚ್ಚು ಹಣ ಇಲ್ಲಿ ಉಳಿಯಬಹುದು ಅಥವಾ ಹೋಗಬಹುದು. ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ 5 ಲಕ್ಷ ಮೀರಿ 10 ಲಕ್ಷದೊಳಗಿದ್ದರೆ ತೆರಿಗೆ ಶೇ 14, 10 ಲಕ್ಷ ಮೀರಿ 20 ಲಕ್ಷದೊಳಗಿದ್ದರೆ ಶೇ 17. ಬಂದ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್ ಸೇರುತ್ತದೆ. ಆದಾಯ ತೆರಿಗೆಯಲ್ಲಿ ಮಿತಿ ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಬೀಳುತ್ತದೆ. ಇಲ್ಲಿ ಹಾಗಲ್ಲ, ಹತ್ತು ಲಕ್ಷವನ್ನು ದಾಟಿದೊಡನೆ ಇಡೀ ಬೆಲೆಗೆ ಹೆಚ್ಚಿನ ದರವೇ ಅನ್ವಯವಾಗುತ್ತದೆ. ಎಕ್ಸ್-ಶೋರೂಮ್ ಬೆಲೆ 9,95,000 ರೂಪಾಯಿ ಇರುವ ವೇರಿಯಂಟ್‌ಗೆ ತೆರಿಗೆ ಮತ್ತು ಸೆಸ್ ಸೇರಿ ಸುಮಾರು 1,54,600 ರೂಪಾಯಿ ಆದರೆ, 10,05,000 ರೂಪಾಯಿಯ ವೇರಿಯಂಟ್‌ಗೆ ಅದು ಸುಮಾರು 1,89,600 ರೂಪಾಯಿ ಆಗುತ್ತದೆ. ಅಂದರೆ ಹತ್ತು ಸಾವಿರ ಹೆಚ್ಚಿನ ಬೆಲೆಯ ವೇರಿಯಂಟ್ ನಿಮ್ಮ ಕೈಯಿಂದ ನಲವತ್ತೈದು ಸಾವಿರ ಹೆಚ್ಚಿಗೆ ತೆಗೆಸುತ್ತದೆ. ಸನ್‌ರೂಫ್ ಅಥವಾ ದೊಡ್ಡ ಪರದೆಯ ಆಸೆಯಿಂದ ಒಂದು ಮೆಟ್ಟಿಲು ಮೇಲಿನ ವೇರಿಯಂಟ್‌ಗೆ ಹೋಗುವ ಮುನ್ನ ಈ ಲೆಕ್ಕವನ್ನು ನೀವೇ ಕೂತು ಹಾಕಿ ನೋಡಿ. ಶೋರೂಮಿನಲ್ಲಿ ಇದನ್ನು ತಾವಾಗಿಯೇ ಬಿಡಿಸಿ ಹೇಳಿದವರನ್ನು ನಾನು ಕಂಡದ್ದು ಬಹಳ ವಿರಳ.

ಬೆಲೆ ಹತ್ತು ಲಕ್ಷ ಮೀರಿದರೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ಸಂಗ್ರಹಿಸಿ ಕಟ್ಟುವ ಆದಾಯ ತೆರಿಗೆ) ಎಂಬ ಸಾಲೂ ಕೊಟೇಶನ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಜಮೆಯಾಗುವ ಹಣ, ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಆದ್ದರಿಂದ ಅದನ್ನು ಖರ್ಚೆಂದು ಎಣಿಸಬೇಕಾಗಿಲ್ಲ.

ಇನ್ನು ನೋಂದಣಿ. ನೋಂದಣಿ ಶುಲ್ಕ 600 ರೂಪಾಯಿ, ಸ್ಮಾರ್ಟ್ ಕಾರ್ಡ್‌ಗೆ 200 ರೂಪಾಯಿ, ಸಾಲ ಮಾಡಿ ಕೊಳ್ಳುವುದಾದರೆ ಹೈಪಾಥಿಕೇಶನ್ (ಕಾರು ಸಾಲಕ್ಕೆ ಅಡವಿದೆ ಎಂಬ) ನಮೂದಿಗೆ 1,500 ರೂಪಾಯಿ. ಇದು ಸರ್ಕಾರಕ್ಕೆ ಹೋಗುವ ಹಣ. ಕೊಟೇಶನ್‌ನಲ್ಲಿ "ಆರ್‌ಟಿಒ ಚಾರ್ಜಸ್" ಎಂದು ತೆರಿಗೆಯನ್ನೂ ಸೇರಿಸಿ ಒಂದೇ ಮೊತ್ತ ಬರೆದಿದ್ದರೆ, ತೆರಿಗೆ ಎಷ್ಟು, ಸೆಸ್ ಎಷ್ಟು, ಶುಲ್ಕ ಎಷ್ಟು ಎಂದು ಬಿಡಿಸಿ ಕೇಳಿ. ಬಿಡಿಸಿದಾಗ ಲೆಕ್ಕ ತಾಳೆಯಾಗದೆ ನಾಲ್ಕೈದು ಸಾವಿರ ಹೆಚ್ಚಿಗೆ ಉಳಿದರೆ ಅದು ಡೀಲರ್ ಸೇರಿಸಿದ ಹಣ. ರಾಜ್ಯದೊಳಗೇ ನೋಂದಣಿಯಾಗುವ ಹೊಸ ವಾಹನಕ್ಕೆ ನೋಂದಣಿ ಅರ್ಜಿ ಸಲ್ಲಿಸುವುದು ಮೋಟಾರು ವಾಹನ ಕಾಯ್ದೆಯ ಪ್ರಕಾರ ಡೀಲರ್‌ನ ಕರ್ತವ್ಯವೇ ಆಗಿರುವುದರಿಂದ, ಅದನ್ನು ಉಪಕಾರವೆಂಬಂತೆ ತೋರಿಸಿ ಹಣ ಕೇಳುವುದು ಸರಿಯಲ್ಲ. ನಂಬರ್ ಪ್ಲೇಟಿನ ವಿಷಯವೂ ಹೀಗೆಯೇ: 2019ರ ಏಪ್ರಿಲ್‌ನಿಂದ ಅತಿ ಸುರಕ್ಷತಾ ನೋಂದಣಿ ಫಲಕವು ಹೊಸ ವಾಹನದ ಬೆಲೆಯಲ್ಲೇ ಸೇರಿಕೊಂಡಿದೆ.

ಈಗ ಡೀಲರ್ ತಾನೇ ಬರೆದ ಸಾಲುಗಳಿಗೆ ಬರೋಣ. "ಹ್ಯಾಂಡ್ಲಿಂಗ್ ಚಾರ್ಜ್" ಅಥವಾ "ಲಾಜಿಸ್ಟಿಕ್ಸ್" ಎಂಬ ಹೆಸರಿನಲ್ಲಿ ಕೆಲವು ಸಾವಿರ ಕಂಡರೆ ತೆಗೆಯುವಂತೆ ಸ್ಪಷ್ಟವಾಗಿ ಕೇಳಿ. ಎಕ್ಸ್-ಶೋರೂಮ್ ಎಂಬ ಮಾತಿನ ಅರ್ಥವೇ ಶೋರೂಮಿನ ಬಾಗಿಲಲ್ಲಿ ನಿಂತ ಕಾರಿನ ಬೆಲೆ. ಅಲ್ಲಿಯವರೆಗೆ ಅದನ್ನು ತಂದ ಖರ್ಚಿಗೆ ಮತ್ತೆ ಹಣ ಕೊಡುವ ಪ್ರಮೇಯವೇ ಇಲ್ಲ. "ಎಸೆನ್ಷಿಯಲ್ ಕಿಟ್" ಎಂಬ ಆಕ್ಸೆಸರಿಗಳ ಗಂಟು, ತಳಭಾಗಕ್ಕೆ ತುಕ್ಕು ನಿರೋಧಕ ಲೇಪನ, ಟೆಫ್ಲಾನ್ ಕೋಟಿಂಗ್, ಇವೆಲ್ಲ ನಿಮ್ಮ ಇಚ್ಛೆಗೆ ಬಿಟ್ಟವು. ಇಪ್ಪತ್ತು ಸಾವಿರದ ಆಕ್ಸೆಸರಿ ಉಚಿತ ಎಂಬ ಕೊಡುಗೆಯನ್ನು ಇಪ್ಪತ್ತು ಸಾವಿರದ ರಿಯಾಯಿತಿ ಎಂದು ಎಂದಿಗೂ ಲೆಕ್ಕ ಹಾಕಬೇಡಿ. ಆ ಬೆಲೆಯನ್ನು ಬರೆದವರು ಅವರೇ. ಅದೇ ಸಾಮಗ್ರಿ ಹೊರಗೆ ಎಷ್ಟಕ್ಕೆ ಸಿಗುತ್ತದೋ ಅಷ್ಟೇ ಅದರ ಮೌಲ್ಯ, ಅದು ನಿಮಗೆ ಬೇಡವಾದ ಸಾಮಗ್ರಿಯಾಗಿದ್ದರೆ ಅಷ್ಟೂ ಇಲ್ಲ.

ಡೀಲರ್‌ಗೆ ಒಳ್ಳೆಯ ಆದಾಯ ತರುವ ಸಾಲು ವಿಮೆ. ನಿಮಗೆ ಹೆಚ್ಚು ಹಣ ಉಳಿಸಬಲ್ಲ ಸಾಲೂ ಅದೇ. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ, ಅದರ ಪ್ರೀಮಿಯಂ ಸರ್ಕಾರವೇ ನಿಗದಿ ಮಾಡಿದ್ದು. 2022ರ ದರಪಟ್ಟಿಯಂತೆ 1000 ಸಿಸಿ ಮೀರದ ಕಾರಿಗೆ ಮೂರು ವರ್ಷಕ್ಕೆ 6,521 ರೂಪಾಯಿ, 1000ದಿಂದ 1500 ಸಿಸಿಯವರೆಗಿನ ಕಾರಿಗೆ 10,640 ರೂಪಾಯಿ, ಇದರ ಮೇಲೆ ಜಿಎಸ್‌ಟಿ. ನಿಮ್ಮ ಕಾರಿಗೇ ಆಗುವ ಹಾನಿಯನ್ನು ಭರಿಸುವ ಭಾಗದಲ್ಲಿ ಮಾತ್ರ ಕಂಪನಿಯಿಂದ ಕಂಪನಿಗೆ ಬೆಲೆ ಬಹಳ ವ್ಯತ್ಯಾಸವಾಗುತ್ತದೆ. ಶೋರೂಮಿನಲ್ಲೇ ವಿಮೆ ಕೊಳ್ಳಬೇಕೆಂಬ ಕಾನೂನು ಇಲ್ಲ. ಹೊರಗಿನ ವಿಮೆಗೆ ಕ್ಯಾಶ್‌ಲೆಸ್ ಸೌಲಭ್ಯ (ರಿಪೇರಿಯ ಹಣವನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವುದು) ಸಿಗುವುದಿಲ್ಲ ಎಂದು ಹೆದರಿಸುವುದುಂಟು. ಕ್ಯಾಶ್‌ಲೆಸ್ ಎಂಬುದು ವಿಮಾ ಕಂಪನಿಗೂ ಆ ಸರ್ವೀಸ್ ಸೆಂಟರ್‌ಗೂ ಇರುವ ಒಪ್ಪಂದವೇ ಹೊರತು ಪಾಲಿಸಿಯನ್ನು ಯಾರು ಮಾರಿದರು ಎಂಬುದಕ್ಕೆ ಸಂಬಂಧಿಸಿದ್ದಲ್ಲ. ಆದ್ದರಿಂದ ಆ ಸರ್ವೀಸ್ ಸೆಂಟರ್‌ನೊಂದಿಗೆ ಒಪ್ಪಂದವಿರುವ ಎರಡು ಮೂರು ವಿಮಾ ಕಂಪನಿಗಳಿಂದ, ಒಂದೇ ಐಡಿವಿ (ವಿಮೆಗಾಗಿ ಕಾರಿಗೆ ಕಟ್ಟುವ ಮೌಲ್ಯ) ಮತ್ತು ಒಂದೇ ಹೆಚ್ಚುವರಿ ರಕ್ಷಣೆಗಳಿಗೆ, ನೀವೇ ಆನ್‌ಲೈನ್‌ನಲ್ಲಿ ದರ ತೆಗೆದುಕೊಳ್ಳಿ. ಐಡಿವಿಯನ್ನು ಇಳಿಸಿ ಪ್ರೀಮಿಯಂ ಕಡಿಮೆ ತೋರಿಸಿದ ಕೊಟೇಶನ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ; ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕೈಗೆ ಬರುವುದು ಆ ಐಡಿವಿಯ ಲೆಕ್ಕದಲ್ಲೇ. ನಿಮ್ಮ ಬಳಿ ಈಗಾಗಲೇ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದ್ದರೆ, ಮಾಲೀಕ-ಚಾಲಕರ ಅಪಘಾತ ವಿಮೆಯನ್ನು ಮತ್ತೊಮ್ಮೆ ಕೊಳ್ಳುವ ಅಗತ್ಯವಿಲ್ಲ. ಹೊರಗಿನ ದರವನ್ನು ಡೀಲರ್‌ಗೆ ತೋರಿಸಿದಾಗ ಅವರೇ ಅದಕ್ಕೆ ಸರಿಗಟ್ಟುವುದು ಸಾಮಾನ್ಯ, ಹಾಗಾದರೆ ಅವರಲ್ಲೇ ಮಾಡಿಸಿ. ಒಪ್ಪದಿದ್ದರೆ, ಚಾಸಿಸ್ ಮತ್ತು ಎಂಜಿನ್ ನಂಬರ್ ಕಳುಹಿಸಿ, ನೋಂದಣಿಗೆ ಮೊದಲು ಪಾಲಿಸಿ ತಂದುಕೊಡುತ್ತೇನೆ ಎಂದು ಬರೆಯಿರಿ.

ಸಾಲದ ವಿಷಯದಲ್ಲಿಯೂ ಇದೇ ನ್ಯಾಯ. ಡೀಲರ್ ಮೂಲಕ ಸಾಲ ಮಾಡಿಸಿದರೆ ಅವರಿಗೆ ಬ್ಯಾಂಕಿನಿಂದ ಕಮಿಷನ್ ಬರುತ್ತದೆ. ಮೊದಲು ನಿಮ್ಮ ಸಂಬಳ ಜಮೆಯಾಗುವ ಬ್ಯಾಂಕಿನಲ್ಲಿ ಬಡ್ಡಿ ದರ, ಪ್ರೊಸೆಸಿಂಗ್ ಶುಲ್ಕ, ಅವಧಿಗೆ ಮುಂಚೆ ತೀರಿಸಿದರೆ ಬೀಳುವ ದಂಡ, ಈ ಮೂರನ್ನೂ ತಿಳಿದುಕೊಂಡು ನಂತರ ಡೀಲರ್‌ನ ಮಾತು ಕೇಳಿ. ತಿಂಗಳ ಕಂತು ಎಷ್ಟು ಎಂಬುದರ ಮೇಲೆ ಮಾತು ಸಾಗಲು ಬಿಡಬೇಡಿ, ಏಕೆಂದರೆ ಅವಧಿಯನ್ನು ಐದರಿಂದ ಏಳು ವರ್ಷಕ್ಕೆ ಎಳೆದರೆ ಯಾವ ಬೆಲೆಯ ಕಾರಿನ ಕಂತೂ ಚಿಕ್ಕದಾಗಿಯೇ ಕಾಣುತ್ತದೆ.

ಇಷ್ಟು ತಿಳಿದ ಮೇಲೆ ಬರೆಯಬೇಕಾದ ಸಂದೇಶ ತಾನಾಗಿಯೇ ರೂಪುಗೊಳ್ಳುತ್ತದೆ. ಮೂವರಿಗೂ ಒಂದೇ ಒಕ್ಕಣೆ ಕಳುಹಿಸಿ, ಸಾಧ್ಯವಾದರೆ ಇ-ಮೇಲ್‌ನಲ್ಲಿ:

"ಮಾನ್ಯರೇ, ನಾನು ಇಂಥ ಮಾದರಿಯ ಇಂಥ ವೇರಿಯಂಟ್‌ನ ಬಿಳಿ ಬಣ್ಣದ ಕಾರನ್ನು ಈ ತಿಂಗಳ ಒಳಗೆ ಖರೀದಿಸಲು ನಿರ್ಧರಿಸಿದ್ದೇನೆ. ಟೆಸ್ಟ್ ಡ್ರೈವ್ ಮುಗಿದಿದೆ. ನೋಂದಣಿ ತುಮಕೂರಿನ ವಿಳಾಸಕ್ಕೆ. ದಯವಿಟ್ಟು ಎಕ್ಸ್-ಶೋರೂಮ್ ಬೆಲೆ, ಜೀವಿತಾವಧಿ ತೆರಿಗೆ ಮತ್ತು ಸೆಸ್, ನೋಂದಣಿ ಶುಲ್ಕ, ವಿಮೆ (ಐಡಿವಿ ಮತ್ತು ರಕ್ಷಣೆಗಳ ವಿವರದೊಂದಿಗೆ), ಫಾಸ್ಟ್ಯಾಗ್, ಕಂಪನಿಯ ರಿಯಾಯಿತಿ, ನಿಮ್ಮ ರಿಯಾಯಿತಿ, ಇವುಗಳನ್ನು ಬೇರೆ ಬೇರೆಯಾಗಿ ನಮೂದಿಸಿದ ಕೊಟೇಶನ್ ಕಳುಹಿಸಿ. ಆಕ್ಸೆಸರಿ ಮತ್ತು ಹೆಚ್ಚುವರಿ ವಾರಂಟಿ ಸದ್ಯ ಬೇಡ. ಕಾರು ತಯಾರಾದ ತಿಂಗಳು, ಡೆಲಿವರಿ ದಿನಾಂಕ ಮತ್ತು ಈ ಬೆಲೆ ಯಾವ ದಿನದವರೆಗೆ ಊರ್ಜಿತ ಎಂಬುದನ್ನೂ ತಿಳಿಸಿ. ಇನ್ನಿಬ್ಬರು ಡೀಲರ್‌ಗಳಿಗೂ ಇದೇ ಕೋರಿಕೆ ಕಳುಹಿಸಿದ್ದೇನೆ. ಶುಕ್ರವಾರದೊಳಗೆ ಬಂದ ಉತ್ತರಗಳನ್ನು ನೋಡಿ ತೀರ್ಮಾನಿಸುತ್ತೇನೆ."

ಈ ಒಕ್ಕಣೆಯಲ್ಲಿ ಹೆಚ್ಚು ತೂಕವಿರುವುದು ಮೊದಲ ವಾಕ್ಯಕ್ಕೆ. ಸೇಲ್ಸ್ ಎಕ್ಸಿಕ್ಯೂಟಿವ್‌ಗಳಿಗೆ ದಿನವಿಡೀ ಸುಮ್ಮನೆ ಬೆಲೆ ಕೇಳುವವರ ಸಂದೇಶಗಳು ಬರುತ್ತಲೇ ಇರುತ್ತವೆ. ವೇರಿಯಂಟ್, ಬಣ್ಣ, ಕೊಳ್ಳುವ ಕಾಲ ಮೂರೂ ನಿಶ್ಚಿತವಾಗಿದ್ದಾಗ ಆ ಸಂದೇಶ ಅವರಿಂದ ಮ್ಯಾನೇಜರ್‌ವರೆಗೆ ಹೋಗುತ್ತದೆ, ಮತ್ತು ರಿಯಾಯಿತಿಯ ಅಧಿಕಾರ ಇರುವುದು ಮ್ಯಾನೇಜರ್ ಬಳಿ. ವೃತ್ತಿಯ ಆಧಾರದ ರಿಯಾಯಿತಿಯನ್ನೂ ಕೇಳಲು ಮರೆಯಬೇಡಿ. ಸರ್ಕಾರಿ ನೌಕರರಿಗೆ, ಶಿಕ್ಷಕ ವೃತ್ತಿಯವರಿಗೆ ಗುರುತಿನ ಚೀಟಿಯ ಮೇಲೆ ಕೆಲವು ಕಂಪನಿಗಳು ಪ್ರತ್ಯೇಕ ರಿಯಾಯಿತಿ ಕೊಡುತ್ತವೆ, ಕೇಳದವರಿಗೆ ಅದು ಸಿಗುವುದು ಕಷ್ಟ.

ಉತ್ತರಗಳು ಬಂದ ಮೇಲೆ ಒಂದು ಸುತ್ತು ಮಾತ್ರ ಮಾತುಕತೆ ಮಾಡಿ. ಎಲ್ಲಕ್ಕಿಂತ ಕಡಿಮೆಯಾದ ಒಟ್ಟು ಮೊತ್ತವನ್ನು ಉಳಿದಿಬ್ಬರಿಗೆ ತಿಳಿಸಿ, ಇದಕ್ಕಿಂತ ಕಡಿಮೆ ಮಾಡಲು ಸಾಧ್ಯವೇ ಎಂದು ಕೇಳಿ. ಇಲ್ಲದ ಮೊತ್ತವನ್ನು ಇದೆ ಎಂದು ಹೇಳಬೇಡಿ, ಒಬ್ಬರ ಕೊಟೇಶನ್ ಪತ್ರವನ್ನು ಇನ್ನೊಬ್ಬರಿಗೆ ಕಳುಹಿಸಲೂ ಬೇಡಿ. ಆ ಪತ್ರ ಬರೆದ ಹುಡುಗನೋ ಹುಡುಗಿಯೋ ತಿಂಗಳ ಗುರಿ ಮುಟ್ಟಿದರೆ ಬರುವ ಪ್ರೋತ್ಸಾಹಧನದ ಮೇಲೆ ಹೊಟ್ಟೆಪಾಡು ನಡೆಸುವವರು. ಅವರನ್ನು ಗೌರವದಿಂದ ಕಾಣುತ್ತಲೇ ಖಚಿತವಾಗಿ ಮಾತನಾಡಬಹುದು. ಬೆಂಗಳೂರಿನಲ್ಲಿ ಒಂದೇ ಸಂಸ್ಥೆಗೆ ಹಲವು ಶಾಖೆಗಳಿರುವುದುಂಟು, ಅಂಥ ಎರಡು ಶಾಖೆಗಳಿಂದ ಕೇಳಿದರೆ ಅದು ಒಬ್ಬರನ್ನೇ ಎರಡು ಬಾರಿ ಕೇಳಿದಂತೆ. ಇನ್ನು, ಎಲ್ಲ ಕಂಪನಿಗಳಲ್ಲೂ ಈ ಕ್ರಮ ನಡೆಯುವುದಿಲ್ಲ. ಉದಾಹರಣೆಗೆ ಮರ್ಸಿಡಿಸ್-ಬೆಂಜ್ ಭಾರತದಲ್ಲಿ 2021ರಿಂದ ಗ್ರಾಹಕರಿಗೆ ನೇರವಾಗಿ ಒಂದೇ ಬೆಲೆಗೆ ಮಾರುತ್ತಿದೆ. ತಿಂಗಳುಗಟ್ಟಲೆ ಕಾಯಬೇಕಾದ ಬೇಡಿಕೆಯ ಕಾರಿಗೂ ಹೆಚ್ಚಿನ ರಿಯಾಯಿತಿ ನಿರೀಕ್ಷಿಸಬಾರದು, ಅಂಥದ್ದರಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಮತ್ತು ವಿಮೆಯ ಸಾಲುಗಳಲ್ಲಿ ಉಳಿಸಿದ್ದೇ ಉಳಿತಾಯ.

ಕಾಲದ ವಿಷಯವನ್ನೂ ಹೇಳಬೇಕು. ಕಂಪನಿಗಳ ರಿಯಾಯಿತಿಗಳು ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ಪ್ರಕಟವಾಗುತ್ತವೆ, ಆ ತಿಂಗಳಲ್ಲಿ ಇನ್‌ವಾಯ್ಸ್ ಆದ ಕಾರಿಗೆ ಅನ್ವಯವಾಗುತ್ತವೆ. ಹಾಗಾಗಿ ತಿಂಗಳ ಹತ್ತನೇ ತಾರೀಖಿನಂದು "ಇವತ್ತು ಮಾತ್ರ" ಎಂಬ ಮಾತಿಗೆ ಅರ್ಥವಿರುವುದು ಕಡಿಮೆ, ತಿಂಗಳ ಕೊನೆಯ ದಿನ ಹೇಳಿದರೆ ಅರ್ಥವಿದೆ. ನಮ್ಮ ಕಡೆ ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಅನೇಕರು ವಾಹನ ಕೊಳ್ಳುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಮಾರಾಟ ತಗ್ಗಿ ಡೀಲರ್‌ಗಳು ಹೆಚ್ಚು ಬಗ್ಗುತ್ತಾರೆ. ಆಯುಧ ಪೂಜೆಯ ಮುಂಚಿನ ವಾರ ಅದೇ ಡೀಲರ್‌ಗೆ ನಿಮ್ಮ ಸಂದೇಶ ಓದಲೂ ಪುರುಸೊತ್ತಿರುವುದಿಲ್ಲ. ಆಚರಣೆಯನ್ನು ಪಾಲಿಸುವವರಾದರೆ ಆಷಾಢದಲ್ಲಿ ಬೆಲೆ ಗಟ್ಟಿ ಮಾಡಿಕೊಂಡು, ಇನ್‌ವಾಯ್ಸ್ ಮತ್ತು ನೋಂದಣಿ ಮುಗಿಸಿ, ಶ್ರಾವಣದಲ್ಲಿ ಕಾರನ್ನು ಮನೆಗೆ ತರಲು ಒಪ್ಪಿಸಬಹುದು. ಡಿಸೆಂಬರ್‌ನ ರಿಯಾಯಿತಿಗಳು ದೊಡ್ಡವು. ಆದರೆ ಮುಂದೆ ಕಾರು ಮಾರುವಾಗ ತಯಾರಿಕೆಯ ವರ್ಷವನ್ನು ನೋಡುತ್ತಾರೆ, ನಾಲ್ಕೈದು ವರ್ಷದಲ್ಲೇ ಮಾರುವ ಯೋಚನೆ ಇದ್ದವರು ಇದನ್ನು ತೂಗಿ ನೋಡಬೇಕು.

ಮುಂಗಡ ಕೊಡುವ ಮುನ್ನ ಮೂರು ಸಂಗತಿಗಳು ಬರಹದಲ್ಲಿರಲಿ: ಬುಕಿಂಗ್ ರದ್ದು ಮಾಡಿದರೆ ಹಣ ಎಷ್ಟು ದಿನದಲ್ಲಿ, ಎಷ್ಟು ಕಡಿತದೊಂದಿಗೆ ಮರಳುತ್ತದೆ, ಬೆಲೆ ಬದಲಾದರೆ ಬುಕಿಂಗ್ ದಿನದ ಬೆಲೆಯೋ ಡೆಲಿವರಿ ದಿನದ ಬೆಲೆಯೋ, ಒಪ್ಪಿದ ರಿಯಾಯಿತಿ ಇನ್‌ವಾಯ್ಸ್‌ನಲ್ಲಿಯೇ ಕಾಣಿಸುತ್ತದೆಯೋ. ಹಣವನ್ನು ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೇ ಕಳುಹಿಸಬೇಕು, ಎಕ್ಸಿಕ್ಯೂಟಿವ್‌ನ ಸ್ವಂತ ಯುಪಿಐ ಸಂಖ್ಯೆಗೆ ಒಂದು ರೂಪಾಯಿಯನ್ನೂ ಹಾಕಬಾರದು. ಕೊಟೇಶನ್ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಸಂಸ್ಥೆಯ ಹೆಸರು ಕಾಣಿಸುತ್ತದೆ. ಡೀಲರ್ ಹೆಸರಿನಲ್ಲಿ ನಕಲಿ ಪುಟ ತೆರೆದು ಮುಂಗಡ ಕೀಳುವವರು ಇರುವುದರಿಂದ ಆ ಎರಡು ನಿಮಿಷದ ಕೆಲಸವನ್ನು ತಪ್ಪಿಸಬೇಡಿ.

ಒಂದು ಕೆಲಸಕ್ಕೆ ಮಾತ್ರ ನೀವು ಖುದ್ದಾಗಿ ಹೋಗಲೇಬೇಕು. ನೋಂದಣಿಗೆ ಮೊದಲು, ಪೂರ್ತಿ ಹಣ ಕೊಡುವುದಕ್ಕೂ ಮೊದಲು, ನಿಮಗೆ ಹಂಚಿಕೆಯಾದ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ ಬನ್ನಿ. ಬಣ್ಣದ ಮೇಲಿನ ಗೀರು, ಟೈರು, ಗಾಜು, ಓಡಿದ ಕಿಲೋಮೀಟರ್ ಎಲ್ಲವನ್ನೂ ಪರಿಶೀಲಿಸಿ ಚಾಸಿಸ್ ನಂಬರ್‌ನ ಫೋಟೊ ತೆಗೆದುಕೊಳ್ಳಿ. ಇನ್‌ವಾಯ್ಸ್‌ನಲ್ಲಿ ಅದೇ ಸಂಖ್ಯೆ ಇರಬೇಕು, ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ನಮೂದಾಗಿರುತ್ತದೆ. ನನ್ನ ಅಕ್ಕನ ಮಗ ಎಲ್ಲವನ್ನೂ ಇ-ಮೇಲ್‌ನಲ್ಲಿ ಅಚ್ಚುಕಟ್ಟಾಗಿ ಮುಗಿಸಿ, ಈ ಒಂದು ಭೇಟಿಯನ್ನು ಮಾತ್ರ ಬಿಟ್ಟುಬಿಟ್ಟ. ಬಂದ ಕಾರು ಎಂಟು ತಿಂಗಳ ಹಿಂದೆ ತಯಾರಾದದ್ದು. ನೋಂದಣಿ ಆಗಿಹೋಗಿದ್ದರಿಂದ ಬದಲಾಯಿಸಲು ಆಗಲಿಲ್ಲ. ಆದರೆ ತಯಾರಿಕೆಯ ತಿಂಗಳನ್ನು ಅವರು ಕೊಟೇಶನ್‌ನಲ್ಲಿ ತಪ್ಪಾಗಿ ಬರೆದಿದ್ದ ಇ-ಮೇಲ್ ಅವನ ಬಳಿ ಇತ್ತು. ಅದನ್ನು ಮುಂದಿಟ್ಟು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾಗಿ ಬರೆದ ಮೇಲೆ ಒಂದಿಷ್ಟು ಹಣ ಮರಳಿ ಬಂತು. ಆದ್ದರಿಂದ ಫೋನ್ ಬದಲಾಯಿಸಿದರೂ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಡೀಲರ್ ಫೋನಿನಲ್ಲಿ ಏನಾದರೂ ಒಪ್ಪಿಕೊಂಡರೆ ಕೂಡಲೇ "ಈಗ ತಾವು ಹೇಳಿದಂತೆ" ಎಂದು ಆರಂಭಿಸಿ ಅದನ್ನೇ ಬರೆದು ಕಳುಹಿಸಿ. ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಡೀಲರ್ ಬೆಂಗಳೂರಿನವರಾದರೂ ನೀವು ವಾಸವಿರುವ ತುಮಕೂರಿನ ಆಯೋಗದಲ್ಲೇ ದೂರು ಹೂಡಲು ಅವಕಾಶವಿದೆ.

ಈಗ ನಿಮಗೆ ಬಂದ ಮೂರು ಉತ್ತರಗಳ ವಿಷಯ. "ಶೋರೂಮಿಗೆ ಬನ್ನಿ" ಎಂದವರಿಗೆ ಮೇಲಿನ ಒಕ್ಕಣೆ ಕಳುಹಿಸಿ. ಶುಕ್ರವಾರದೊಳಗೆ ಬರಹ ಬಾರದಿದ್ದರೆ ಅವರನ್ನು ಬಿಟ್ಟು ಇನ್ನೊಬ್ಬ ಡೀಲರ್‌ನನ್ನು ಕೇಳಿ. "ಇವತ್ತು ಮಾತ್ರ" ಎಂದವರಿಗೆ, ಅದೇ ಮೊತ್ತವನ್ನು ಬಾಬತ್ತುವಾರಾಗಿ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಕಳುಹಿಸಿದರೆ ಪರಿಶೀಲಿಸುತ್ತೇನೆ ಎಂದು ಬರೆಯಿರಿ. ಕಡಿಮೆ ಐಡಿವಿ ಅಥವಾ ಹಳೆಯ ಸ್ಟಾಕ್ ಇದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ತುಮಕೂರಿನವರಿಗೆ ಮಾತ್ರ ಕೊನೆಯ ಅವಕಾಶ ಕೊಡಿ ಎಂಬುದು ನನ್ನ ಸಲಹೆ. ವಾರಂಟಿ ಯಾವ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಾದರೂ ಸಿಗುತ್ತದೆ, ತೆರಿಗೆ ರಾಜ್ಯದಾದ್ಯಂತ ಒಂದೇ, ಹಾಗಾಗಿ ಬೆಂಗಳೂರಿನಲ್ಲಿ ಕೊಂಡರೆ ತಪ್ಪೇನೂ ಇಲ್ಲ. ಆದರೆ ಎರಡೂ ಕಡೆಯ ಅಂತರ ಮೂರು ನಾಲ್ಕು ಸಾವಿರದೊಳಗೆ ಇಳಿದರೆ ಊರಿನಲ್ಲೇ ಕೊಳ್ಳಿ. ಓಡಾಟ, ಆರ್‌ಸಿ ಬರುವವರೆಗಿನ ಫೋನ್ ಕರೆಗಳು, ಇವುಗಳ ಖರ್ಚು ಮತ್ತು ಶ್ರಮ ಅಷ್ಟಕ್ಕೆ ಸಮನಾಗುತ್ತದೆ.